ಇಪ್ಪತ್ತು ಅಂದ್ರೆ ಎಷ್ಟು ಮೀಟರ್?

ಹೆಂಡತಿ: ಸಹಿ ಹಾಕಲ್ಲ ಅಂದ್ರೆ ಹಾಕಲ್ಲ. ಇನ್ನು ಹತ್ತು ಸಲ ಕೇಳಿದ್ರೂ ಅಷ್ಟೇ.

ಗಂಡ: ಅದರಲ್ಲಿ ಬರೆದಿರೋದಾದ್ರೂ ಏನು? ‘ಇವರು ನಿಲ್ಲದೆ ಸಾವಿರ ಮೀಟರ್ ಈಜುವುದು ನನಗೆ ಗೊತ್ತು.’ ಅಷ್ಟಕ್ಕೊಂದು ಗೀಟು ಎಳೆದ್ರೆ ನಿನ್ನ ಕೈ ಸವೆದು ಹೋಗುತ್ತಾ?

ಹೆಂಡತಿ: ನನಗೆ ಗೊತ್ತಿಲ್ವಲ್ಲ!

ಟೈಲರ್ ಗಂಡ ಕತ್ತರಿ ಕೆಳಗಿಟ್ಟ. ಅವನಿಗೆ ಐವತ್ತೇಳು. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಾಗ ಡಾಕ್ಟರು ಈಜಲು ಹೇಳಿದ್ದರು. ಹೆದರುತ್ತಲೇ ನೀರಿಗಿಳಿದವನಿಗೆ ಮೂರು ವರ್ಷದಲ್ಲಿ ಅದು ಹುಚ್ಚೇ ಆಗಿ, ಬರುವ ಭಾನುವಾರ ಊರಾಚೆಯ ಸಾವಿರ ಮೀಟರ್ ಅಗಲದ ಕೆರೆಯನ್ನು ಈ ದಡದಿಂದ ಆ ದಡಕ್ಕೆ ದಾಟುವ ಹಿರಿಯರ ಈಜಿಗೆ ಹೆಸರು ಕೊಡಲು ಹೊರಟಿದ್ದ. ಅರ್ಜಿಗೆ ಮನೆಯವರ ಸಹಿ ಬೇಕು. ಮನೆಯವಳೋ, ಔಷಧದಂಗಡಿಯಲ್ಲಿ ದಿನವಿಡೀ ಮಾತ್ರೆ ಎಣಿಸಿ ಕೊಡುವವಳು.

ಗಂಡ: ದಿನಾ ಇಪ್ಪತ್ತು ಸಲ ಕೊಳದ ಈ ಗೋಡೆಯಿಂದ ಆ ಗೋಡೆಗೆ ಹೋಗ್ತೀನಿ. ಐವತ್ತು ಮೀಟರ್, ಇಪ್ಪತ್ತು ಸಲ. ಸಾವಿರ ಆಗಲಿಲ್ವಾ?

ಹೆಂಡತಿ: ಎಷ್ಟು ಹೊತ್ತು ಹಿಡಿಯುತ್ತೆ?

ಗಂಡ: (ಎದೆಯುಬ್ಬಿಸಿ) ಹಾಂ, ಅದನ್ನ ಕೇಳು! ಮೊದಲು ಐವತ್ತು ನಿಮಿಷ. ಈಗ ಇಪ್ಪತ್ನಾಲ್ಕು! ನನ್ನ ವಯಸ್ಸು ಹಿಂದಕ್ಕೆ ಓಡ್ತಾ ಇದೆ.

ಹೆಂಡತಿ: ಯಾವಾಗಿಂದ ಓಡೋಕೆ ಶುರು ಮಾಡ್ತು?

ಗಂಡ: ಎರಡು ತಿಂಗಳಾಯ್ತು. ದೊಡ್ಡ ಕೊಳ ರಿಪೇರಿಗೆ ಅಂತ ಮುಚ್ಚಿದ್ರಲ್ಲ, ಹೊಸ ಕೊಳಕ್ಕೆ ಹೋದ ಮೊದಲನೇ ದಿನದಿಂದಲೇ. ಅಲ್ಲಿನ ನೀರೇ ಬೇರೆ. ಹಗುರ.

ಹೆಂಡತಿ: ನೀರು ಹಗುರಾನೋ, ಕೊಳ ಗಿಡ್ಡಾನೋ?

ಟೈಲರ್ ಕೆಳಗಿಟ್ಟ ಕತ್ತರಿಯನ್ನು ಮತ್ತೆ ಕೈಗೆತ್ತಿಕೊಂಡ.

ಗಂಡ: ಕೊಳ ಅಂದ್ರೆ ಕೊಳ. ಅದರಲ್ಲಿ ಗಿಡ್ಡ, ಉದ್ದ ಎಲ್ಲಿಂದ ಬಂತು?

ಹೆಂಡತಿ: ನೀವು ಆಡೋ ಮಾತಾ ಇದು? ಗಿರಾಕಿ ಬಂದು ‘ಅಂಗಿ ಅಂದ್ರೆ ಅಂಗಿ, ಅಳತೆ ಯಾಕೆ’ ಅಂದ್ರೆ ಸುಮ್ನಿರ್ತೀರಾ?

ಗಂಡ: ನಾನು ಕೆರೆಗೆ ಹೋಗೋದೇ ನಿನಗೆ ಇಷ್ಟ ಇಲ್ಲ. ಅದಕ್ಕೆ ಕೂತಲ್ಲೇ ಕೊಳಾನ ಗಿಡ್ಡ ಮಾಡ್ತಿದ್ದೀಯ.

ಹೆಂಡತಿ: ಹೋಗಿ, ಬೇಡ ಅಂದೋರ್ಯಾರು? ನಡು ಕೆರೇಲಿ ನಿಮ್ಮ ಇಪ್ಪತ್ತು ಮುಗಿದು ಹೋದ್ರೆ? ಅಲ್ಲೇ ಎದ್ದು ನಿಂತು ಟವೆಲ್ ಕೇಳ್ತೀರಾ?

ತಮಾಷೆಯಾಗಿಯೇ ಅಂದಳು. ಆದರೆ ಕೊನೆಯ ಮಾತಿಗೆ ಬರುವಾಗ ಅವಳ ದನಿ ಒಂದಿಷ್ಟು ತೆಳುವಾದದ್ದು ಟೈಲರ್‌ಗೆ ಕೇಳಿಸಿತು. ಅವನು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದ.

ಸಂಜೆ ಐದರ ಹೊತ್ತಿಗೆ ಹೊಸ ಕೊಳದ ಅಂಚಿನಲ್ಲಿ ಅವನು ಮಂಡಿಯೂರಿ ತೆವಳುತ್ತಿದ್ದ. ಒಂದೂವರೆ ಮೀಟರಿನ ಟೇಪು. ಹಾಸುವುದು, ಬೆರಳಿಟ್ಟು ಗುರುತು ಹಿಡಿಯುವುದು, ಮತ್ತೆ ಹಾಸುವುದು. ಹೆಂಡತಿ ಹಿಂದೆ ಹಿಂದೆಯೇ ಎಣಿಸುತ್ತಾ ಬಂದಳು. ನೆರೆತ ಮೀಸೆಯ ಕೋಚ್ ಎದ್ದು ಬಂದ.

ಕೋಚ್: ಏನ್ ಸಾರ್, ಏನಾದ್ರೂ ಕಳ್ಕೊಂಡ್ರಾ?

ಹೆಂಡತಿ: ಅರ್ಧ ಕಿಲೋಮೀಟರ್.

ಗಂಡ: (ತಲೆಯೆತ್ತದೆ) ಹದಿನಾರು ಟೇಪು, ಮೇಲೊಂದು ಮೀಟರ್. ಇಪ್ಪತ್ತೈದು.

ಕೋಚ್: ಅಯ್ಯೋ, ಅಷ್ಟಕ್ಕೆ ತೆವಳಬೇಕಿತ್ತಾ? ಗೋಡೆ ಮೇಲೆ ಅಷ್ಟು ದಪ್ಪಗೆ ಇಪ್ಪತ್ತೈದು ಅಂತ ಬರೆದಿದೆಯಲ್ಲ!

ಗಂಡ: ಅದು... ಒಂದು ಸಲಕ್ಕೆ ಇಪ್ಪತ್ತೈದು ಜನ ಮಾತ್ರ ಇಳೀಬೇಕು ಅಂತ ಅಂದ್ಕೊಂಡಿದ್ದೆ.

ಕೋಚ್ ಮೀಸೆಯೊಳಗೇ ನಕ್ಕ. ಟೈಲರ್‌ಗೆ ನಗು ಬರಲಿಲ್ಲ. ಎರಡು ತಿಂಗಳಿಂದ ಅಂಗಡಿಗೆ ಬಂದವರಿಗೆಲ್ಲ ತನ್ನ ಇಪ್ಪತ್ನಾಲ್ಕು ನಿಮಿಷದ ಕಥೆ ಹೇಳಿದ್ದ. ಆ ಯೌವನವೆಲ್ಲ ಇಳಿದುಹೋಗಿ, ಎದ್ದು ನಿಲ್ಲುವಾಗ ಮಂಡಿ ಕೂಡ ಲಟಕ್ಕೆಂದಿತು.

ಗಂಡ: ಆ ಅರ್ಜೀನ ಹರಿದು ಹಾಕು.

ಹೆಂಡತಿ: ಹರಿಯೋದ್ಯಾಕೆ? ದೊಡ್ಡ ಕೊಳದಲ್ಲಿ ದಿನಾ ಸಾವಿರ ಈಜಿದವರು ನೀವೇ ತಾನೆ? ಇಲ್ಲಾದ್ರೆ ನಲವತ್ತು. ಇಳೀರಿ.

ಗಂಡ: ಈಗಲಾ?

ಹೆಂಡತಿ: ಕೊಳ ಉದ್ದ ಆಗೋವರೆಗೆ ಕಾಯ್ತೀರಾ?

ಅವಳು ಮನೆಯಿಂದ ತಂದಿದ್ದ ಕೈಚೀಲದಿಂದ ಅವನ ಈಜುಚಡ್ಡಿ, ಅರ್ಜಿ, ಅಂಗಿಯ ಗುಂಡಿಗಳ ಡಬ್ಬಿ ತೆಗೆದಳು. ನಲವತ್ತು ಗುಂಡಿ ಎಣಿಸಿ ಬಲಕ್ಕಿಟ್ಟುಕೊಂಡಳು. ಅವನು ಹೋಗಿ ಬಂದಾಗಲೆಲ್ಲ ಎರಡೆರಡು ಎಡಕ್ಕೆ.

ಮೊದಲು ಸುಸೂತ್ರವಾಗಿತ್ತು. ಇಪ್ಪತ್ತು ದಾಟಿದ್ದೇ ಭುಜ ಕಲ್ಲಾಯಿತು. ತಿರುಗುವಾಗ ಒಂದು ಕೂಗು ಹಾಕಿದ.

ಗಂಡ: ಎಷ್ಟು?

ಹೆಂಡತಿ: ಇಪ್ಪತ್ತೆರಡು!

ಹೋಗಿ ಬಂದ.

ಗಂಡ: ಈಗ?

ಹೆಂಡತಿ: ಇಪ್ಪತ್ತೆರಡು!

ಗಂಡ: ಆಗಲೂ ಅದೇ ಅಂದೆ!

ಹೆಂಡತಿ: ಆಗ ಇಪ್ಪತ್ತು ಅಂದಿದ್ದು. ನಿಮ್ಮ ಕಿವೀಲಿ ನೀರಿದೆ. ಮಾತು ಬಿಟ್ಟು ಕೈ ಆಡಿಸಿ!

ಮಾತ್ರೆ ಎಣಿಸುವವಳ ಹತ್ತಿರ ಲೆಕ್ಕದ ಜಗಳ ಯಾಕೆಂದು ಮತ್ತೆ ಗೋಡೆ ಒದ್ದು ಹೊರಟ. ಆಮೇಲೆ ಕೇಳುವ ಉಸಿರೂ ಉಳಿಯಲಿಲ್ಲ. ಉಸಿರಿಗೆಂದು ಮುಖ ಹೊರಳಿಸಿದಾಗಲೆಲ್ಲ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ ಹೆಂಡತಿ ಕಾಣುತ್ತಿದ್ದಳು. ನಿಂತುಬಿಡಬೇಕು ಅನ್ನಿಸಿದ್ದು ಒಂದು ಸಲವಲ್ಲ. ನಿಲ್ಲಲಿಲ್ಲ.

ಹೆಂಡತಿ: ನಲವತ್ತು! ಬನ್ನಿ ಮೇಲೆ.

ಟೈಲರ್ ಅಂಚಿಗೆ ಜೋತುಬಿದ್ದು, ನೀರಿನಲ್ಲೇ ಮಗುವಿನಂತೆ ನಕ್ಕ. ಹೆಂಡತಿ ಅರ್ಜಿಯನ್ನು ತೊಡೆಯ ಮೇಲಿಟ್ಟು ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಅಷ್ಟರಲ್ಲಿ ಕೋಚ್ ಹತ್ತಿರ ಬಂದ.

ಕೋಚ್: ಭೇಷ್ ಸಾರ್! ನಲವತ್ನಾಲ್ಕು ಹೊಡೆದ್ರಿ.

ಗಂಡ: ನಲವತ್ತು.

ಕೋಚ್: ಇಲ್ಲ ಸಾರ್, ನಾನೂ ಎಣಿಸ್ತಾ ಕೂತಿದ್ದೆ. ನಲವತ್ನಾಲ್ಕು. ಮೇಡಮ್ ಎರಡು ಸಲ ಗುಂಡೀನೇ ಮುಟ್ಟಲಿಲ್ಲ.

ಗಂಡ: (ಹೆಂಡತಿಯ ಕಡೆ ತಿರುಗಿ) ನೀನು ಲೆಕ್ಕ ತಪ್ಪಿದೆಯಾ?!

ಹೆಂಡತಿ: ತಪ್ಪಿದ್ದಲ್ಲ. ಇಲ್ಲಿ ತಿರುಗಿದಾಗಲೆಲ್ಲ ಗೋಡೆ ಒದ್ದು ಮುಂದೆ ಹೋಗ್ತೀರ. ಕೆರೇಲಿ ಒದೆಯೋಕೆ ಗೋಡೆ ಯಾರು ಕಟ್ಟಿಸಿದ್ದಾರೆ? ಅದಿರಲಿ, ಗಿರಾಕಿ ಪ್ಯಾಂಟು ಹೊಲಿಯುವಾಗ ಸೊಂಟದ ಹತ್ತಿರ ಒಳಗೊಂದಿಷ್ಟು ಬಟ್ಟೆ ಬಿಡ್ತೀರೋ ಇಲ್ವೋ?

ಗಂಡ: ಬಿಡ್ತೀನಿ.

ಹೆಂಡತಿ: ನಾನೂ ನೂರು ಮೀಟರ್ ಒಳಗೆ ಬಿಟ್ಟಿದ್ದೀನಿ. ಭಾನುವಾರ ಬಿಗಿ ಅನ್ನಿಸಿದ್ರೆ ಬಿಚ್ಕೊಳ್ಳಿ.