ಕೋಸಿನ ಮುಂದೆ ಉಸಿರು ಬಿಡಬಾರದು

ಆ ಹುಡುಗಿಯನ್ನು ನಾನು ಮೊದಲು ನೋಡಿದ ದಿನ ಅವಳ ಮುಖ ಕಾಣಲಿಲ್ಲ, ಬೂಟಿನ ಅಡಿ ಕಂಡಿತು! ಬೆಟ್ಟದ ಮೇಲಿನ ನಮ್ಮೂರಿನ ಕೊರೆಯುವ ಚಳಿಯ ಬೆಳಗ್ಗೆ, ನಮ್ಮ ಹಿತ್ತಿಲಿನ ಕೋಸಿನ ಪಾತಿಯಲ್ಲಿ ಬೋರಲಾಗಿ ಮಲಗಿದ್ದಳು. ಹಿತ್ತಿಲ ಬಾಗಿಲಿನ ಚಿಲಕವನ್ನು ಯಾರೋ ಒಳಗಿನಿಂದಲೇ ತೆಗೆದಿದ್ದರು.

ಬೇರೆಯವರಾಗಿದ್ದರೆ "ಕಳ್ಳಿ!" ಎಂದು ಕೂಗಿ ಬೀದಿ ಸೇರಿಸುತ್ತಿದ್ದರು. ನಾನು ಅಂಥವಳಲ್ಲ. ಅಕ್ಷರ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಪೇಪರು ಹಳೆಯದಾಗಿರುತ್ತದೆ, ನಿಜ. ಆದರೆ ಮನುಷ್ಯರ ಮುಖ? ಒಂದೇ ನೋಟಕ್ಕೆ ಓದಿ ಮಡಚಿಟ್ಟುಬಿಡುತ್ತೇನೆ! ಇನ್ನು ಗುಟ್ಟು. "ನಿನ್ನ ಹೊಟ್ಟೆಗೆ ಬಿದ್ದ ಮಾತು ಬಾವಿಗೆ ಬಿದ್ದ ಹಾಗೆ ಕಣೇ" ಎನ್ನುತ್ತಿದ್ದರು ನಮ್ಮ ಯಜಮಾನರು. ಅವರು ಹೋದ ಮೇಲೆ ಹಾಗೆ ಹೇಳುವವರಿಲ್ಲ, ನಾನೇ ಹೇಳಿಕೊಳ್ಳುತ್ತೇನೆ.

ಮೆಲ್ಲಗೆ ಬಗ್ಗಿ ಕೇಳಿದೆ: "ಯಾರಮ್ಮಾ ನೀನು? ಬಿದ್ಬಿಟ್ಯಾ?"

ಅವಳು ತಿರುಗಲಿಲ್ಲ. "ಶ್! ಅಮ್ಮಾ, ದಯವಿಟ್ಟು ಉಸಿರು ಬಿಡಬೇಡಿ!"

ಅಷ್ಟು ಸಾಕಾಯಿತು. ಪಾಪ, ಯಾರಿಂದಲೋ ತಪ್ಪಿಸಿಕೊಂಡು ಬಂದಿದ್ದಾಳೆ! ಎದೆ ಮುಟ್ಟಿಕೊಂಡು ಪ್ರತಿಜ್ಞೆ ಮಾಡಿದೆ: "ಕತ್ತು ಹಿಸುಕಿದ್ರೂ ಬಿಡಲ್ಲ!"

ಆಗಲೇ ಮುಂದಿನ ಗೇಟು ಕಿರುಗುಟ್ಟಿತು. ಹೋಗಿ ನೋಡಿದರೆ ದಪ್ಪ ಮೀಸೆಯವನೊಬ್ಬ, ಕೈಯಲ್ಲೊಂದು ಕಪ್ಪು ಡಬ್ಬಿ.

"ಅಮ್ಮಾ, ನನ್ನ ತಂಗಿ ಇಲ್ಲಿಗೆ ಬಂದ್ಲಾ? ಕ್ಯಾಮೆರಾ ಹಿಡ್ಕೊಂಡಿರ್ತಾಳೆ. ಫೋನ್ ಬೇರೆ ಎತ್ತುತ್ತಿಲ್ಲ. ಕೋಸು ಬೆಳೆದಿರೋ ಮನೆ ಅಂದಿದ್ಲು."

"ಕೋಸಾ? ಈ ಮನೇಲಿ ಕೋಸು ಕಂಡ್ರೆ ಯಾರಿಗೂ ಆಗಲ್ಲ. ಮುಂದಿನ ಬೀದಿ ನೋಡಪ್ಪ!"

ಮೀಸೆ ಹೊರಟುಹೋಯಿತು. ನನ್ನ ನಟನೆಗೆ ನಾನೇ ಬೆರಗಾದೆ!

ಆದರೆ ಆ ಮೀಸೆ ಹಿಂದಿನ ಗೋಡೆಯ ಮೇಲಿಂದ ಇಣುಕಿದರೆ? ಆಗಷ್ಟೇ ಎದ್ದ ಹಾಸಿಗೆಯಿಂದ ಬೆಚ್ಚನೆಯ ಕಂಬಳಿ ಎಳೆದುಕೊಂಡು ಓಡಿದೆ. ಹುಡುಗಿ, ಕ್ಯಾಮೆರಾ, ಕೋಸು, ಎಲ್ಲವನ್ನೂ ಸೇರಿಸಿ ಮುಚ್ಚಿದೆ.

ಒಳಗಿನಿಂದ "ಅಯ್ಯಯ್ಯೋ!" ಎಂಬ ಕೂಗು.

"ಶ್! ಉಸಿರು ಬಿಡಬೇಡ!" ಎಂದು ಇನ್ನಷ್ಟು ಅದುಮಿದೆ.

ಕೂಗು ಕೇಳಿ ಮಗ ಓಡಿಬಂದ. ಬಿಸಿಲು ಮುಖಕ್ಕೆ ಹೊಡೆಯುವವರೆಗೆ ಏಳದ ಮಗ ಅಂದು ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟಿದ್ದ. ಚಳಿಗೆ ಬೇಗ ಎಚ್ಚರವಾಗಿರಬೇಕು ಎಂದುಕೊಂಡೆ.

"ಅಮ್ಮಾ, ಏನ್ ಮಾಡ್ತಿದೀಯಾ! ಅವರು ಫೋಟೋ ತೆಗೀತಿದ್ರು!"

ಹುಡುಗಿ ತಲೆ ಕೆದರಿಕೊಂಡು ಹೊರಬಂದಳು. ಕೋಸಿನ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳ ಕಣ್ಣಿಂದ ಇನ್ನೇನು ತೊಟ್ಟಿಕ್ಕುವುದರಲ್ಲಿತ್ತು.

"ಎಲೆ ಅಂಚಲ್ಲಿ ಹಿಮದ ಹರಳು ಕೂತಿತ್ತಮ್ಮಾ. ತೀರಾ ಹತ್ತಿರದಿಂದ ತೆಗೀಬೇಕು. ಉಸಿರು ತಾಗಿದ್ರೂ ಕರಗುತ್ತೆ. ಅದಕ್ಕೇ ಉಸಿರು ಬಿಡಬೇಡಿ ಅಂದೆ. ಮೂಗಿನ ಉಸಿರು!"

ನಾನೋ, ಕಂಬಳಿಯನ್ನೇ ಬಿಟ್ಟಿದ್ದೆ!

ಆಮೇಲೆ ಒಂದೊಂದಾಗಿ ತಿಳಿಯಿತು. ಮೀಸೆ ಅವಳ ಅಣ್ಣ, ಫೋಟೋ ಸ್ಟುಡಿಯೋ ಮಾಲೀಕ. ಡಬ್ಬಿಯಲ್ಲಿದ್ದದ್ದು ಅವಳು ಮರೆತುಬಂದಿದ್ದ ಲೆನ್ಸು. ಅಣ್ಣನ ಅಂಗಡಿಯಲ್ಲಿ ದಿನವಿಡೀ "ಗದ್ದ ಮೇಲೆ, ಕಣ್ಣು ಬಿಡಿ" ಎನ್ನುತ್ತ ಗುರುತಿನ ಕಾರ್ಡುಗಳಿಗೆ ಫೋಟೋ ತೆಗೆದು ಅವಳಿಗೆ ಸಾಕಾಗಿತ್ತು. ಕ್ಯಾಲೆಂಡರ್ ಅಚ್ಚು ಹಾಕುವವರೊಬ್ಬರಿಗೆ ಮರುದಿನದೊಳಗೆ ಒಂದು ಒಳ್ಳೆಯ ಹಿಮದ ಚಿತ್ರ ಕೊಟ್ಟರೆ ಅವರ ಕ್ಯಾಲೆಂಡರಿನ ಇಡೀ ವರ್ಷದ ಚಿತ್ರಗಳೂ ಅವಳವೇ. ಚಳಿಗಾಲವೋ, ಗಂಟು ಮೂಟೆ ಕಟ್ಟಿಕೊಂಡು ನಿಂತಿತ್ತು.

ಮರುದಿನ ನಾನೇ ಎಲ್ಲರಿಗಿಂತ ಮೊದಲು ಎದ್ದು ಕಿಟಕಿಯಿಂದ ನೋಡಿದೆ. ಕೋಸು ಬೆಳ್ಳಗೆ ಕೂತಿತ್ತು! ಮೂಗು ಬಾಯಿಗೆ ಶಾಲು ಬಿಗಿದು, ಗೋಡೆಗೆ ಅಂಟಿ ನಿಂತೆ. ಮಗ ಬೆಳಕಿಗೆಂದು ಬಿಳಿ ಥರ್ಮಾಕೋಲು ಹಿಡಿದ. ಹುಡುಗಿಯ ಪಕ್ಕಕ್ಕೇ ಸರಿದು ನಿಂತ. ಚಳಿ, ಮತ್ತೇನು!

ಕ್ಲಿಕ್ ಎಂದಿತು. ಹುಡುಗಿ ಕ್ಯಾಮೆರಾ ತಂದು ತೋರಿಸಿದಳು. ಎಲೆಯ ಒಂದು ನರದ ಮೇಲೆ ಸಣ್ಣ ಸೂಜಿಗಳ ಸಾಲು; ಒಂದೊಂದು ಸೂಜಿಗೂ ಹಕ್ಕಿಯ ಗರಿಯ ಹಾಗೆ ಕವಲು. ನನ್ನ ಓಲೆಯ ಹರಳು ನಾಚಿಕೊಳ್ಳಬೇಕು! ಇಷ್ಟು ವರ್ಷ ಇದನ್ನು ಪೊರಕೆಯಲ್ಲಿ ಕೊಡವುತ್ತಿದ್ದೆನಲ್ಲ!

"ನಮ್ಮ ಹಿತ್ತಿಲಲ್ಲಿ ಕೋಸಿರೋದು ನಿಂಗ್ಯಾರಮ್ಮಾ ಹೇಳಿದ್ದು?"

ಹುಡುಗಿ ಥರ್ಮಾಕೋಲಿನ ಕಡೆ ನೋಡಿದಳು. ಥರ್ಮಾಕೋಲು ಮೆಲ್ಲಗೆ ಮೇಲೇರಿ ಮಗನ ಮುಖ ಮುಚ್ಚಿತು. ಎರಡೂ ಬದಿಗೆ ಕಿವಿಗಳು ಮಾತ್ರ ಕೆಂಪಗೆ ಹೊರಗುಳಿದವು. ಊರವರ ಮುಖವನ್ನೆಲ್ಲ ಓದುವ ನಾನು ಮನೆಯೊಳಗಿದ್ದ ಈ ಮುಖದಲ್ಲಿ ಒಂದಕ್ಷರವನ್ನೂ ಓದಿರಲಿಲ್ಲ!

ಅಷ್ಟರಲ್ಲಿ ಗೇಟಿನಲ್ಲಿ ಹಾರ್ನು. ಕೋಸೇ ಇಲ್ಲವೆಂದು ನಾನು ಅಟ್ಟಿದ್ದ ಅದೇ ಮೀಸೆ! ಹುಡುಗಿ ತಣ್ಣನೆಯ ಕೈಯಲ್ಲಿ ನನ್ನ ಕೈ ಹಿಡಿದುಕೊಂಡು ಪಿಸುಗುಟ್ಟಿದಳು:

"ಅತ್ತೆ, ನಮ್ಮಿಬ್ಬರ ವಿಷಯ ಅಣ್ಣಂಗೆ ಇನ್ನೂ ಗೊತ್ತಿಲ್ಲ. ಈಗ ಹೋಗಿ ಅವನ ಮುಂದೆ ನೀವೇ ಸ್ವಲ್ಪ ಉಸಿರು ಬಿಡ್ತೀರಾ?"