ರಷ್ಯಾದವರು ಕೇಳಿದ ಒಂದು ಹೆಸರು

ನನಗೆ ಸಿಟ್ಟು ಜಾಸ್ತಿ. ಇದನ್ನು ಬೇರೆಯವರು ಹೇಳಿದರೆ ಇನ್ನೂ ಸಿಟ್ಟು ಬರುತ್ತದೆ, ಆದ್ದರಿಂದ ನಾನೇ ಹೇಳಿಬಿಡುತ್ತೇನೆ. ಹಳೇಬೀಡಿನ ದೇವಸ್ಥಾನದಲ್ಲಿ ಬಹಳ ವರ್ಷದಿಂದ ಗೈಡ್ ಆಗಿದ್ದೇನೆ. ಪ್ರವಾಸಿಗರ ಮೇಲೆ ರೇಗುವಂತಿಲ್ಲ, ಅವರು ಅನ್ನ ಕೊಡುವವರು. ಕಲ್ಲಾನೆಯ ಸೊಂಡಿಲಿಗೆ ಬ್ಯಾಗು ನೇತುಹಾಕಿ ಫೋಟೋ ತೆಗೆಸಿಕೊಳ್ಳುವವನ ಮುಂದೆಯೂ ಹಲ್ಲು ಕಿರಿಯಬೇಕು. ಹಗಲೆಲ್ಲ ಹೀಗೆ ನುಂಗಿಕೊಂಡ ಸಿಟ್ಟನ್ನು ಸಂಜೆ ಮನೆಗೆ ತರುತ್ತೇನೆ. ಮನೆಯಲ್ಲಿ ನನ್ನ ಹೆಂಡತಿ ಪಾರ್ವತಿಯನ್ನು ಬಿಟ್ಟರೆ ಇನ್ನೊಬ್ಬರಿಲ್ಲ, ಹಾಗಾಗಿ ಅಷ್ಟೂ ಅವಳಿಗೇ ಹೋಗುತ್ತದೆ.

ಹೋದ ಚಳಿಗಾಲ ರಷ್ಯಾದಿಂದ ಹಾಡುವವರ ತಂಡವೊಂದು ಬಂದಿತ್ತು. ಅವರು ಅಲ್ಲಿಯ ಚರ್ಚುಗಳಲ್ಲಿ ಸತ್ತವರ ನೆನಪಿಗೆ ಹಾಡುವವರಂತೆ. ತಂಡದ ಯಜಮಾನಿ ಗಲೀನಾ ಎಂಬ ದಪ್ಪ ಕನ್ನಡಕದ ಹೆಂಗಸು. ಶಿಲ್ಪಗಳ ಬುಡದಲ್ಲಿ ಕೆತ್ತಿದವನ ಹೆಸರು ಇರುವುದನ್ನು ನಾನು ಒಂದೊಂದಾಗಿ ಓದಿ ತೋರಿಸಿದೆ. ಇದು ನನ್ನ ಹೆಮ್ಮೆಯ ಐಟಂ. ಬೇರೆ ಗೈಡುಗಳು ಮೂರ್ತಿ ತೋರಿಸಿ ಮುಂದಕ್ಕೆ ಓಡುತ್ತಾರೆ, ನಾನು ಹೆಸರು ಓದದೆ ಯಾರನ್ನೂ ಬಿಡುವುದಿಲ್ಲ. ಗಲೀನಾ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ನನ್ನ ನಂಬರು ಬರೆದುಕೊಂಡಳು. ಊರಿಗೆ ಹೋದ ಮೇಲೆ ತನ್ನ ತಂಡದ ಹಾಡುಗಳನ್ನು ನನ್ನ ಮೊಬೈಲಿಗೆ ಕಳಿಸಿದಳು. ಪ್ರಾರ್ಥನೆ ಬಹಳ ಹಳೆಯದು, ಸ್ವರ ಕೂಡಿಸಿದವರು ಮಾತ್ರ ಈಗ ಬದುಕಿರುವವರು ಎಂದು ಬರೆದಿದ್ದಳು.

ಕೇಳಿದೆ. ಹಾರ್ಮೋನಿಯಂ ಇಲ್ಲ, ತಬಲ ಇಲ್ಲ, ತಾಳವೂ ಇಲ್ಲ. ಬರೀ ಮನುಷ್ಯರ ಗಂಟಲು. ಗಂಡಸರ ದನಿ ಬಾವಿಯ ತಳದಿಂದ ಬಂದ ಹಾಗೆ ಏಳುತ್ತದೆ, ಅದರ ಮೇಲೆ ಹೆಂಗಸರ ದನಿ ಬಂದು ಕೂರುತ್ತದೆ. ನಡುವೆ ಎರಡು ಸ್ವರ ಒಂದಕ್ಕೊಂದು ಜಗಳಕ್ಕೆ ನಿಂತ ಹಾಗೆ ಉಜ್ಜಾಡಿ, ಇನ್ನು ಕೇಳಲಾಗದು ಅನ್ನುವಾಗ ಒಂದಾಗುತ್ತವೆ. ಒಂದು ಪದವೂ ಅರ್ಥವಾಗಲಿಲ್ಲ, ಆದರೂ ಮುಗಿದೊಡನೆ ಮತ್ತೆ ಮೊದಲಿನಿಂದ ಹಾಕಿದೆ. ಅಂದಿನಿಂದ ಬೆಳಿಗ್ಗೆ ಕಾಫಿಯ ಜೊತೆ ಅದೇ. ಬೆಳಗಾಗೆದ್ದು ಸಾವಿನ ಹಾಡು ಹಾಕಬೇಡಿ ಎಂದು ಪಾರ್ವತಿ ಹೇಳಿದಳು. ನಾನು ಇನ್ನಷ್ಟು ಜೋರು ಮಾಡಿದೆ. ನಾಲ್ಕನೇ ದಿನ ಪಕ್ಕದ ಮನೆಯ ತೆಂಗಿನಕಾಯಿ ವ್ಯಾಪಾರಿ ಚನ್ನಬಸಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು, ಚಪ್ಪಲಿ ಗೇಟಿನಾಚೆ ಬಿಟ್ಟು ಬಂದು, ಯಾರು ಹೋದದ್ದು, ಮಣ್ಣು ಎಷ್ಟು ಹೊತ್ತಿಗೆ ಎಂದು ಮೆಲ್ಲಗೆ ವಿಚಾರಿಸಿದ. ಯಾರೂ ಹೋಗಿಲ್ಲ ಎಂದಾಗ ಅವನ ಮುಖದಲ್ಲಿ ಸ್ವಲ್ಪ ನಿರಾಸೆ ಕಂಡಿತು. ಈ ಊರಿನವರಿಗೆ ಸಂಗೀತ ಬೇಡ, ಹೆಣ ಬೇಕು ಎಂದು ಅವನಿಗೆ ಕೇಳುವ ಹಾಗೆಯೇ ಬೈದೆ.

ಆಮೇಲೆ ಗಲೀನಾಳ ಸಂದೇಶ ಬಂತು. ಭಾನುವಾರ ಹೊಸ ಹಾಡೊಂದನ್ನು ಹಾಡುತ್ತಾರೆ, ಅದರ ನಡುವೆ ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಹಾಡುತ್ತಾರೆ. ನಿನ್ನವರದೂ ಒಂದು ಹೆಸರು ಕಳಿಸು, ಶುಕ್ರವಾರದೊಳಗೆ, ಸತ್ತವರಲ್ಲಿ ನಮ್ಮವರು ನಿಮ್ಮವರು ಎಂದಿಲ್ಲ ಎಂದು ಬರೆದಿದ್ದಳು. ಅಮ್ಮ ಅಪ್ಪ ಎಂದು ಬರೆಯಬೇಡ, ಅವರ ಹೆತ್ತವರು ಇಟ್ಟ ಹೆಸರೇ ಬೇಕು ಎಂದೂ ಸೇರಿಸಿದ್ದಳು.

ನಾನು ಯೋಚಿಸಲೇ ಇಲ್ಲ. ದೊಡ್ಡವ್ವ. ನಮ್ಮ ದೊಡ್ಡಪ್ಪನ ಹೆಂಡತಿ. ನನ್ನ ತಾಯಿ ನನಗೆ ಬುದ್ಧಿ ಬರುವ ಮೊದಲೇ ಹೋದಳು. ಮಕ್ಕಳಿಲ್ಲದ ದೊಡ್ಡವ್ವ ಕಣಕಟ್ಟೆಯಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಕೊನೆಯ ಆರು ವರ್ಷ ನಮ್ಮ ಮನೆಯಲ್ಲೇ ಇದ್ದು ಇಲ್ಲೇ ಕಣ್ಣು ಮುಚ್ಚಿದಳು, ಮಣ್ಣು ಮಾಡಿದ್ದು ಮಾತ್ರ ಕಣಕಟ್ಟೆಯಲ್ಲಿ. ಖುಷಿಯಿಂದ ಮೊಬೈಲಿನಲ್ಲಿ ‘ದೊಡ್ಡವ್ವ’ ಎಂದು ಟೈಪು ಮಾಡಿದೆ, ಬೆರಳು ಅಲ್ಲೇ ನಿಂತಿತು. ಇದು ನಾನು ಕರೆಯುತ್ತಿದ್ದದ್ದು. ಅವಳ ಹೆಸರೇನು?

ನನಗೆ ಗೊತ್ತಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ನನ್ನ ಮೇಲಲ್ಲ, ನನಗೆ ಹೇಳದೇ ಹೋದ ಎಲ್ಲರ ಮೇಲೆ. ಅವಳ ಕಾಗದಪತ್ರ ಇದ್ದ ಟ್ರಂಕಿಗೆ ಗೆದ್ದಲು ಹತ್ತಿ ಎಷ್ಟೋ ಕಾಲವಾಗಿತ್ತು. ಗೆದ್ದಲಿಗೂ ಬೈದು ಬಸ್ಸು ಹತ್ತಿದೆ. ಜಾವಗಲ್ಲು ಅವಳ ತವರು. ತವರಿನವರು ಯಾರೂ ಉಳಿದಿರಲಿಲ್ಲ, ಪಕ್ಕದ ಮನೆಯ ಮುದುಕಿ ಬಹಳ ಹೊತ್ತು ಯೋಚಿಸಿ, ಓ, ಕಣಕಟ್ಟೆಯಮ್ಮನಾ ಎಂದಳು. ಅಲ್ಲಿಂದ ಕಣಕಟ್ಟೆಗೆ ಹೋದೆ. ನಮ್ಮ ದಾಯಾದಿ ನಂಜುಂಡಪ್ಪ ಅಲ್ಲಿಯ ಭಜನೆ ತಂಡದ ಹಿರಿಯ. ದೊಡ್ಡವ್ವನ ಶವದ ಮುಂದೆ ಕೂತು ದನಿ ಬೀಳುವವರೆಗೂ ಹಾಡಿದವನು. ಅವನನ್ನು ಕೇಳಿದೆ.

“ಊರೋರೆಲ್ಲ ಜಾವಗಲ್ಲಮ್ಮ ಅಂತಿದ್ರು ಕಣಪ್ಪ. ಸೊಸೇರ ಹೆಸ್ರು ಯಾರ್ ಕೇಳ್ತಿದ್ರು ಆಗ?”

ಹೆಸರು ಗೊತ್ತಿಲ್ಲದೆ ಎದುರಿಗೆ ಕೂತು ಏನು ಹಾಡಿದಿರಯ್ಯ, ರಷ್ಯಾದವರನ್ನು ನೋಡಿ ಕಲಿಯಿರಿ ಎಂದು ಕೂಗಾಡಿದೆ. ಅವನು ತೋಟದಲ್ಲಿದ್ದ ಅವಳ ಸಮಾಧಿಗೆ ಕರೆದುಕೊಂಡು ಹೋದ. ಕಲ್ಲಿನ ಮೇಲೆ ಅಂದವಾಗಿ ‘ದೊಡ್ಡವ್ವ’ ಎಂದು ಕೆತ್ತಿತ್ತು. ಇದನ್ನು ಯಾವ ಮುಠ್ಠಾಳ ಬರೆಸಿದ್ದು ಎಂದು ಕೇಳಿದೆ. ನಂಜುಂಡಪ್ಪ ಎಲೆಅಡಿಕೆ ಉಗಿದು ಬಂದು, “ನೀನೇ ಕಣಪ್ಪ” ಎಂದ. ಹೌದು, ನಾನೇ. ಕಲ್ಲುಕುಟಿಗ ಪೂರ್ತಿ ಹೆಸರು ಹೇಳಿ ಸ್ವಾಮಿ ಎಂದಾಗ, ತಲೆ ತಿನ್ನಬೇಡ, ಹೇಳಿದ್ದು ಕೆತ್ತು ಎಂದು ಗದರಿಸಿದ್ದು ನೆನಪಾಯಿತು. ನಂಜುಂಡಪ್ಪ ಊಟಕ್ಕೆ ಕರೆದರೂ ನಿಲ್ಲದೆ ಬಸ್ಸು ಹಿಡಿದೆ.

ಮನೆಗೆ ಬಂದು ಜಾವಗಲ್ಲು, ಕಣಕಟ್ಟೆ, ಭಜನೆ ತಂಡ, ನಮ್ಮ ಇಡೀ ಕುಲ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಬೈದೆ. ಪಾರ್ವತಿ ಅಡುಗೆಮನೆಯ ಬಾಗಿಲಿಗೆ ಬಂದು ಏನೋ ಹೇಳಲು ಬಾಯಿ ತೆರೆದಳು. ನೀನು ಸುಮ್ಮನಿರು, ನಾನು ಹುಟ್ಟಿ ಬೆಳೆದ ಮನೆಯ ವಿಷಯ ಹೊರಗಿನಿಂದ ಬಂದ ನಿನಗೇನು ಗೊತ್ತು ಎಂದೆ. ಅವಳು ಒಳಗೆ ಹೋಗಿ ಅಕ್ಕಿ ತೊಳೆದಳು. ಶುಕ್ರವಾರ ಸಂಜೆ, ಬೇರೆ ದಾರಿ ಕಾಣದೆ, ಇದೇ ಹೆಸರು ಎಂದು ಗಲೀನಾಳಿಗೆ ಸುಳ್ಳು ಹೇಳಿ ‘ದೊಡ್ಡವ್ವ’ ಎಂದೇ ಕಳಿಸಿದೆ.

ಸೋಮವಾರ ಹಾಡು ಬಂತು. ಎಷ್ಟೋ ಹೆಸರುಗಳು ಬಂದು ಹೋದವು. ಆಮೇಲೆ ಆ ಗಂಡಸರ ಆಳದ ದನಿ ನಿಧಾನವಾಗಿ, ಒಂದೊಂದೇ ಅಕ್ಷರ ಬಿಡಿಸಿ, ದೊ, ಡ, ವಾ ಎಂದಿತು. ಉಳಿದವರೆಲ್ಲ ಆ ದನಿಯನ್ನು ಕೈಯಲ್ಲಿ ಹಿಡಿದವರ ಹಾಗೆ ಮೇಲಕ್ಕೆತ್ತಿದರು. ನಾನು ಮಗುವಿನ ಹಾಗೆ ಅತ್ತುಬಿಟ್ಟೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು ಕೇಳುತ್ತಿದ್ದ ಪಾರ್ವತಿಯೂ ಕಣ್ಣು ಒರೆಸಿಕೊಂಡಳು. ಆಮೇಲೆ ಹೇಳಿದಳು.

“ಚೆನ್ನಾಗಿ ಹಾಡಿದ್ರು. ಸಿದ್ದಗಂಗಮ್ಮ ಅಂತ ಹಾಡಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ನಿನಗೆ ಹೇಗೆ ಗೊತ್ತು ಎಂದೆ. ಆರು ವರ್ಷ ದೊಡ್ಡವ್ವನ ತಲೆ ಬಾಚಿದವಳು, ಕೊನೆಗೆ ಮೈ ತೊಳೆದವಳು ಪಾರ್ವತಿ. ಒಂದು ದಿನ ಹೆಸರು ಕೇಳಿದ್ದಳಂತೆ, ದೊಡ್ಡವ್ವ ನಾಚಿಕೊಂಡು ಹೇಳಿದ್ದಳಂತೆ. ಅದೂ ಅಲ್ಲದೆ ಬಚ್ಚಲಿನ ಹಂಡೆಯ ಮೇಲೂ ಬರೆದಿದೆಯಲ್ಲ ಎಂದಳು. ಓಡಿ ಹೋಗಿ ಮಸಿ ಒರೆಸಿ ನೋಡಿದೆ. ದೊಡ್ಡವ್ವನ ಮದುವೆಗೆ ತವರಿನವರು ಕೊಟ್ಟ, ಅವಳ ಜೊತೆಗೇ ನಮ್ಮ ಮನೆಗೆ ಬಂದ ತಾಮ್ರದ ಹಂಡೆ. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ, ಜಾವಗಲ್ ಸಿದ್ದಗಂಗಮ್ಮ. ನಾನು ದಿನಾ ಅದರಿಂದಲೇ ನೀರು ಮೊಗೆದು ಸ್ನಾನ ಮಾಡಿ, ಕಲ್ಲಿನ ಮೇಲಿನ ಹೆಸರು ಓದಲು ಹೋಗುತ್ತಿದ್ದೆ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಬಚ್ಚಲಿನಿಂದಲೇ ಗುಡುಗಿದೆ.

ಪಾರ್ವತಿ ದನಿ ಏರಿಸಲಿಲ್ಲ. “ನೀವು ನನ್ನ ಕೇಳ್ಲಿಲ್ಲ ಕಣ್ರೀ. ಬೈದ್ರಿ, ಅಷ್ಟೆ.”

ಕೈತುಂಬ ಮಸಿ, ಹೊಟ್ಟೆತುಂಬ ಸಿಟ್ಟು ಇಟ್ಟುಕೊಂಡು ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಹುಡುಕಿದೆ. ಉಳಿದಿದ್ದವನು ಒಬ್ಬನೇ. ಅವನಿಗೆ ಬೈದು ನನಗೆ ಅಭ್ಯಾಸವೇ ಇರಲಿಲ್ಲ.