ದೋಣಿ ಒಂದೂರಿಗೆ, ಎಂಜಿನ್ ಇನ್ನೊಂದೂರಿಗೆ

ಐನ್ ಹೂರ್ ಮತ್ತು ತಲ್ ಸಿದ್ರ್ ಪುರಸಭೆಗಳ ನಡುವಿನ ಒಣಹಳ್ಳಕ್ಕೆ ನೆರೆ ಬಂದ ದಿನ ಜಂಟಿ ವಿಪತ್ತು ಸಮನ್ವಯ ಸಮಿತಿಯು ನಿಯಮದ ಪ್ರಕಾರವೇ ಸೇರಿತು, ನಿಯಮದ ಪ್ರಕಾರವೇ ನಡೆಯಿತು ಎಂದು ವರ್ತಕರ ಪ್ರತಿನಿಧಿಯಾದ ನಾನು ಈ ಮೂಲಕ ದೃಢೀಕರಿಸುತ್ತೇನೆ.

ರಕ್ಷಣಾ ಸಾಮಗ್ರಿ ಸಿದ್ಧವಿತ್ತು. ದೋಣಿ ಐನ್ ಹೂರ್‌ನದು, ಅದರ ಎಂಜಿನ್ ತಲ್ ಸಿದ್ರ್‌ನದು. ಒಬ್ಬರಿಗೊಬ್ಬರು ಬೇಕಾದರೆ ಸಮನ್ವಯ ತಾನಾಗಿ ಬೆಳೆಯುತ್ತದೆಂದು ಹೇಳಿ ಹಾಗೆ ಬಿಡಿಸಿ ಮಾರಿದವನು ನಾನೇ. ಎರಡೆರಡು ಲಾಭ ಬಂದದ್ದು ಆಕಸ್ಮಿಕ. ಹಳ್ಳದ ನಡುದಿಬ್ಬದ ಮೇಲೆ, ಬಾಡಿಗೆ ಅಗ್ಗವೆಂದು ಹಿಡಿದ ನನ್ನ ಸಕ್ಕರೆ ಗೋದಾಮಿತ್ತು. ಅದರ ಚಾವಣಿ ಮೇಲೆ ಆ ಹೊತ್ತಿಗೆ ನನ್ನ ಕಾವಲುಗಾರ ಸುವೈಲಿಂ ಇದ್ದ.

ಜಿಲ್ಲಾಧಿಕಾರಿಗಳ ಕೋಣೆಗೆ ಏಲಕ್ಕಿಯ ಕಹಿ ಕಾಫಿ ಬಂತು. ನಮ್ಮಲ್ಲಿ ಬೇಡಲು ಬಂದವನು ಬಟ್ಟಲನ್ನು ಕುಡಿಯದೆ ಕೆಳಗಿಡುತ್ತಾನೆ. ಕೇಳಿದ್ದು ಮಂಜೂರಾದ ಮೇಲೆಯೇ ಕುಡಿಯುವುದು.

ಐನ್ ಹೂರ್ ಅಧ್ಯಕ್ಷ ಅಬೂ ಶಿಹಾಬ್ ಬಟ್ಟಲು ಕೆಳಗಿಟ್ಟರು. "ಎಂಜಿನ್ ಕೊಡೋವರೆಗೂ ಒಂದು ಗುಟುಕೂ ಕುಡಿಯಲ್ಲ."

ತಲ್ ಸಿದ್ರ್‌ನ ಅಬೂ ಮಿಶಾಲ್ ತಮ್ಮದನ್ನು ಇನ್ನೂ ಸದ್ದಾಗುವಂತೆ ಇಟ್ಟರು. "ದೋಣಿ ನಮ್ಮ ಅಂಗಳಕ್ಕೆ ಬರಲಿ, ಆಮೇಲೆ ಕುಡಿಯೋಣ."

"ಮೊದಲು ಇಟ್ಟವನು ನಾನು ಕಣಯ್ಯ!"

"ನಿಮ್ಮಪ್ಪನೂ ಹಿಂಗೇ. ಇಡೋದಕ್ಕೆ ಮೊದಲು, ಕೊಡೋದಕ್ಕೆ ಕೊನೆ."

ನನ್ನ ಫೋನು ಬಡಿದುಕೊಂಡಿತು. "ಹಾಜೀ, ನೀರು ಬಾಗಿಲು ದಾಟ್ತು," ಅಂದ ಸುವೈಲಿಂ.

"ಸಭೆ ನಡೀತಾ ಇದೆ ಮಾರಾಯ."

"ನೀರಿಗೆ ಹೇಳ್ಲಾ?"

ನನ್ನ ಮನುಷ್ಯನನ್ನು ಇಳಿಸಿಕೊಡಿ ಎಂದು ನಾನೂ ಬಟ್ಟಲು ಕೆಳಗಿಟ್ಟೆ. ಜಿಲ್ಲಾಧಿಕಾರಿಗಳು ಅಲ್ಲೇ ನಿಯಮ ಹೊರಡಿಸಿದರು: ಬಟ್ಟಲುಗಳನ್ನು ಇಟ್ಟ ಕ್ರಮದಲ್ಲೇ ಪರಿಗಣಿಸತಕ್ಕದ್ದು, ಆರಿದ ಕಾಫಿ ಬದಲಿಸಿಕೊಂಡವರು ಸರದಿ ಕಳೆದುಕೊಳ್ಳತಕ್ಕದ್ದು. ಯಾರೂ ಬದಲಿಸಿಕೊಳ್ಳಲಿಲ್ಲ.

ಮತ್ತೆ ಫೋನು. "ಹಾಜೀ, ಸಕ್ಕರೆಯೆಲ್ಲ ಕರಗಿಹೋಯ್ತು. ಹಳ್ಳ ಶರಬತ್ತಾಗಿದೆ. ಇನ್ನು ನಂದೇ ಸರದಿ."

"ನಮ್ಮದು ಮೂರನೇದು. ಸ್ವಲ್ಪ ತಾಳ್ಕೋ."

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಬಾಗಿಲು ತೆರೆಯಿತು. ಮುಚ್ಚಳ ಬಿಗಿದ ಖಾಲಿ ಎಣ್ಣೆ ಪೀಪಾಯಿಯೊಂದನ್ನು ತಬ್ಬಿಕೊಂಡು, ತೊಯ್ದು ತೊಪ್ಪೆಯಾಗಿ ಸುವೈಲಿಂ ನಿಂತಿದ್ದ. ತಡೆಯುವ ಮೊದಲೇ ಮೂರೂ ಬಟ್ಟಲುಗಳನ್ನು ಒಂದರ ಹಿಂದೊಂದು ಎತ್ತಿ ಕುಡಿದ. "ಆರಿಹೋಗಿದೆ," ಎಂದು ನನ್ನತ್ತ ತಿರುಗಿದ. "ಸಕ್ಕರೆ ಉಳಿದಿಲ್ಲ ಅಲ್ವಾ?"

ಜಿಲ್ಲಾಧಿಕಾರಿಗಳು ನಡಾವಳಿ ಬರೆಸಿದರು: ಬಟ್ಟಲುಗಳು ಬರಿದಾಗಿರುವುದರಿಂದ ಮೂರೂ ಬೇಡಿಕೆಗಳು ಮಂಜೂರು. ಎಂಜಿನ್ ಐನ್ ಹೂರ್‌ಗೆ, ದೋಣಿ ತಲ್ ಸಿದ್ರ್‌ಗೆ, ಕಾವಲುಗಾರ ವರ್ತಕರಿಗೆ. ಅಧ್ಯಕ್ಷರಿಬ್ಬರೂ ಗಲ್ಲಕ್ಕೆ ಗಲ್ಲ ತಾಗಿಸಿ ತಬ್ಬಿಕೊಂಡರು. ಸಮಿತಿಯೇ ತನ್ನನ್ನು ರಕ್ಷಿಸಿತೆಂದು ಸುವೈಲಿಂನ ಹೆಬ್ಬೆಟ್ಟು ಒತ್ತಿಸಿಕೊಳ್ಳಲಾಯಿತು.

"ಅಲ್ಲ ಹಾಜೀ, ನನ್ನ ಉಳಿಸಿದ್ದು ಈ ಪೀಪಾಯಿ ತಾನೇ?"

ಸಮಿತಿ ಈ ಮಾತನ್ನು ಗಂಭೀರವಾಗಿ ಪರಿಗಣಿಸಿತು. ಅದರಂತೆ ನಾನು ಐನ್ ಹೂರ್‌ಗೆ ಪೀಪಾಯಿಗಳನ್ನೂ ತಲ್ ಸಿದ್ರ್‌ಗೆ ಅವುಗಳ ಮುಚ್ಚಳಗಳನ್ನೂ ಒದಗಿಸಿದ್ದೇನೆ.

ಗೋದಾಮು ಅಲ್ಲೇ ಇದೆ. ಬಾಡಿಗೆ ಇನ್ನಷ್ಟು ಇಳಿದಿದೆ. ಇಂದು ಮತ್ತೆ ಮೋಡ ಕಟ್ಟಿದೆ. ಎರಡೂ ಊರಲ್ಲಿ ಮುಚ್ಚಳ ಸಮೇತ ಇರುವ ಪೀಪಾಯಿ ಸುವೈಲಿಂನದೊಂದೇ. ಅವನ ಮನೆಗೆ ಬಂದು, ಬಟ್ಟಲು ಕೆಳಗಿಟ್ಟು ಕೂತಿದ್ದೇನೆ. ಕಾಫಿ ಆರುತ್ತಿದೆ.